ರನ್‌ಫ್ಲಾಟ್ ಬಿಚ್ಚಿಸಿ ಸ್ಟೆಪ್ನಿ ತಗೊಂಡೆ

ಹೋದ ತಿಂಗಳು ಪಾವಗಡದಿಂದ ತುಮಕೂರಿಗೆ ವಾಪಸ್ ಬರ್ತಿದ್ವಿ. ಅತ್ತೆ ಮನೇಲಿ ಊಟ ಮುಗಿಸಿ ಹೊರಟಾಗ್ಲೇ ರಾತ್ರಿ ಎಂಟೂವರೆ, ಮಿಡಿಗೇಶಿ ಹತ್ರ ಎದುರಿಗೆ ಟಿಪ್ಪರ್ ಒಂದು ಹೈಬೀಮ್ ಹಾಕ್ಕೊಂಡು ಬಂತು, ಕಣ್ಣು ಕಾಣದೆ ಎಡಕ್ಕೆ ಎಳ್ಕೊಂಡೆ, ಟಾರ್ ಅಂಚಿಂದ ಚಕ್ರ ಕೆಳಗಿಳಿದು ಮತ್ತೆ ಮೇಲೆ ಹತ್ತೋವಾಗ ಧಡ್ ಅಂತ ಸದ್ದು. ಸ್ವಲ್ಪ ಹೊತ್ತಿಗೆ ಟೈರ್ ಪ್ರೆಶರ್ ಲೈಟು ಹತ್ಕೊಳ್ತು.

ಇಳಿದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರೆ ಎಡಗಡೆ ಮುಂದಿನ ಟೈರಿನ ಸೈಡಲ್ಲಿ ಉಗುರಗಲ ಸೀಳು. ಗಾಳಿ ಪೂರ್ತಿ ಖಾಲಿ. ಆದ್ರೆ ಟೈರ್ ಮಾತ್ರ ನಂಗೇನಾಯ್ತು ಅನ್ನೋ ಹಂಗೆ ನಿಂತಿದೆ, ಪಕ್ಕದ ಟೈರಿಗೂ ಇದಕ್ಕೂ ನೋಡೋಕೆ ಜಾಸ್ತಿ ವ್ಯತ್ಯಾಸಾನೇ ಇಲ್ಲ. ಹಿಂದಿನ ಸೀಟಲ್ಲಿ ಇಬ್ರು ಮಕ್ಕಳು ನಿದ್ದೆ. ಹೆಂಡ್ತಿ ಗ್ಲಾಸ್ ಇಳಿಸಿ, "ರೀ, ಅದೇನ್ ನೋಡ್ತೀರ ಈ ಕತ್ತಲಲ್ಲಿ, ಹೋಗತ್ತೆ ಅಂದ್ರೆ ನಡೀರಿ ಸುಮ್ನೆ" ಅಂದ್ಲು.

ಹೋಯ್ತು. ಮಧುಗಿರಿ, ಕೊರಟಗೆರೆ ದಾಟಿ ಮನೆವರೆಗೂ ಅರವತ್ತು ಚಿಲ್ಲರೆ ಕಿಲೋಮೀಟರ್, ಐವತ್ತರ ಮೇಲೆ ಸ್ಪೀಡ್ ಹೋಗ್ಲಿಲ್ಲ, ಸ್ಟೇರಿಂಗ್ ಒಂಚೂರು ಎಡಕ್ಕೆ ಎಳೀತಿತ್ತು ಅಷ್ಟೇ. ಮನೆ ಮುಂದೆ ನಿಲ್ಲಿಸಿ ಟೈರ್ ಮುಟ್ಟಿ ನೋಡಿದ್ರೆ ದೋಸೆ ಹೆಂಚು.

ಇಷ್ಟು ಓದಿದವ್ರು ಇವನು ರನ್‌ಫ್ಲಾಟ್ (ಗಾಳಿ ಹೋದ್ರೂ ಸ್ವಲ್ಪ ದೂರ ಓಡೋ ಟೈರು) ಹೊಗಳೋಕೆ ಕೂತವ್ನೆ ಅನ್ಕೊಂಡಿರ್ತೀರ. ಇಲ್ಲ, ಮುಂದಿನ ವಾರಾನೇ ನಾಲ್ಕನ್ನೂ ಬಿಚ್ಚಿಸಿ ನಾರ್ಮಲ್ ಟ್ಯೂಬ್‌ಲೆಸ್ ಹಾಕಿಸ್ದೆ.

ನಂದು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಜರ್ಮನ್ ಸೆಡಾನು, ಬರುವಾಗ್ಲೇ ರನ್‌ಫ್ಲಾಟ್ ಇತ್ತು, ಡಿಕ್ಕಿ ತೆಗೆದ್ರೆ ಸ್ಟೆಪ್ನಿ ಇಲ್ಲ, ಜಾಕಿ ಇಲ್ಲ, ವೀಲ್ ಸ್ಪ್ಯಾನರೂ ಇಲ್ಲ. ಕಾನೂನಲ್ಲಿ ಇದಕ್ಕೆ ಅಡ್ಡಿ ಇಲ್ಲ, ಟ್ಯೂಬ್‌ಲೆಸ್ ಟೈರು, ಪ್ರೆಶರ್ ತೋರ್ಸೋ ಸಿಸ್ಟಮ್ಮು, ರಿಪೇರಿ ಕಿಟ್ ಮೂರೂ ಇದ್ರೆ ಕಾರಲ್ಲಿ ಸ್ಟೆಪ್ನಿ ಬೇಕಿಲ್ಲ ಅಂತ 2020ರ ಅಕ್ಟೋಬರಿಂದ ಕೇಂದ್ರದ ರೂಲೇ ಇದೆ. (ಅಂದಹಾಗೆ ಸ್ಟೆಪ್ನಿ ಅನ್ನೋದು ವೇಲ್ಸ್ ದೇಶದ ಒಂದು ಬೀದಿ ಹೆಸರು, ಲನೆತ್ಲಿ ಅನ್ನೋ ಊರಿನ ಸ್ಟೆಪ್ನಿ ಸ್ಟ್ರೀಟಲ್ಲಿ 1900ರ ಆಸುಪಾಸಲ್ಲಿ ಶುರುವಾದ ಸ್ಪೇರ್ ವೀಲ್ ಬಿಸಿನೆಸ್ಸಿಂದ ಬಂದಿದ್ದು. ನಮ್ಮ ಪಂಚರ್ ಅಂಗಡಿಗಳಲ್ಲಿ ಆ ಬೀದಿ ಹೆಸರು ದಿನಾ ಕೂಗ್ತಾರೆ.)

ರನ್‌ಫ್ಲಾಟಲ್ಲಿ ಮ್ಯಾಜಿಕ್ ಏನಿಲ್ಲ, ಸೈಡ್‌ವಾಲ್ ಒಳಗೆ ದಪ್ಪ ರಬ್ಬರ್ ಕೊಟ್ಟಿರ್ತಾರೆ. ನಾರ್ಮಲ್ ಟೈರಲ್ಲಿ ಕಾರಿನ ತೂಕ ಹೊರೋದು ಗಾಳಿ, ಗಾಳಿ ಹೋದ್ರೆ ಸೈಡ್ ಮಡಚ್ಕೊಂಡು ರಿಮ್ಮು ಟೈರನ್ನ ಕಚ್ಚಿ ತಿನ್ನತ್ತೆ. ಇದರಲ್ಲಿ ಆ ದಪ್ಪ ರಬ್ಬರೇ ಗೋಡೆ ಥರ ನಿಲ್ಲತ್ತೆ, ಸಾಮಾನ್ಯವಾಗಿ 80 ಕಿಲೋಮೀಟರ್ ದೂರ, ಗಂಟೆಗೆ 80ರ ಒಳಗೆ. ಟೈರ್ ಸೈಡಲ್ಲಿ ಗುರುತು ಇರತ್ತೆ, ಬ್ರಿಡ್ಜ್‌ಸ್ಟೋನಲ್ಲಿ ಆರ್‌ಎಫ್‌ಟಿ, ಮಿಶೆಲಿನಲ್ಲಿ ಝಡ್‌ಪಿ, ಕಾಂಟಿನೆಂಟಲಲ್ಲಿ ಎಸ್‌ಎಸ್‌ಆರ್. ಸೆಕೆಂಡ್ ಹ್ಯಾಂಡ್ ತಗೊಳ್ಳೋವ್ರು ಇದನ್ನ ಬಗ್ಗಿ ನೋಡ್ಕೊಳ್ಳಿ, ನಾಲ್ಕೂ ಒಂದೇ ಜಾತಿ ಇದ್ಯಾ ಅಂತಾನೂ. ಎರಡು ಅದು ಎರಡು ಇದು ಅಂತ ಬೆರಕೆ ಹಾಕಿರೋ ಕಾರುಗಳೂ ಬರ್ತವೆ, ಹಂಗೆ ಹಾಕ್ಬಾರ್ದು.

ನನ್ನ ತಾಪತ್ರಯ ಶುರುವಾಗಿದ್ದು ಮಾರನೇ ದಿನ. ಬಿ.ಎಚ್. ರೋಡ್ ಉದ್ದಕ್ಕೂ ಬಟವಾಡಿವರೆಗೂ ವಿಚಾರಿಸಿದೆ, ನನ್ನ ಸೈಜು 225/50 ಆರ್ 17, ರನ್‌ಫ್ಲಾಟ್ ಯಾರತ್ರಾನೂ ಇಲ್ಲ, ಬೆಂಗಳೂರಿಂದ ತರಿಸ್ಬೇಕು, ನಾಲ್ಕೈದು ದಿನ. ರಿಪೇರಿ ಕೇಳಿದ್ರೆ ಸೈಡಲ್ಲಿ ಸೀಳಿದ್ರೆ ಯಾವ ಟೈರಿಗೂ ರಿಪೇರಿ ಇಲ್ಲ, ಅದು ನಂಗೂ ಗೊತ್ತಿತ್ತು. ಒಂದು ಅಂಗಡಿ ಹುಡುಗ ಬೆರಳಲ್ಲಿ ಟೈರ್ ಸೈಡ್ ಒತ್ತಿ ನೋಡಿ, "ಅಣ್ಣ, ಇದನ್ನ ನಮ್ ಮಿಷಿನ್ನಲ್ಲಿ ಬಿಚ್ಚಕ್ಕಾಗಲ್ಲ, ಬಲವಂತ ಮಾಡಿದ್ರೆ ಅಲಾಯ್ ವೀಲ್ ಹೋಗತ್ತೆ, ಆಮೇಲ್ ನೀವ್ ನನ್ನ ಬೈತೀರ" ಅಂದ. ಅವನ ಮೇಲೆ ಗೌರವ ಬಂತು, ಇನ್ನೊಬ್ಬ ಆಗಿದ್ರೆ ಸಲಾಕೆ ಹಾಕಿ ಮೀಟೇಬಿಡ್ತಿದ್ದ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕ್ದೆ. ಪಾವಗಡದಿಂದ ನಮ್ಮನೆಗೆ ಸುಮಾರು ನೂರು ಕಿಲೋಮೀಟರ್. ಟೈರ್ ಸೀಳಿದ್ದು ಮಿಡಿಗೇಶಿ ಹತ್ರ ಆಗಿದ್ದಕ್ಕೆ 80ರೊಳಗೆ ಮನೆ ಸಿಕ್ತು, ಅದೇ ಅತ್ತೆ ಮನೆ ಬಾಗಿಲಲ್ಲೇ ಆಗಿದ್ರೆ ಕೊರಟಗೆರೆ ಹತ್ರ ಎಲ್ಲೋ ಆ 80 ಮುಗೀತಿತ್ತು, ಕೈಯಲ್ಲಿ ಸ್ಟೆಪ್ನೀನೂ ಇಲ್ಲ. ಬೆಂಗಳೂರಲ್ಲೇ ಓಡಾಡೋ ನನ್ನ ಭಾವನಿಗೆ ನಾನು ರನ್‌ಫ್ಲಾಟ್ ಬಿಡ್ಬೇಡಿ ಅಂತಾನೇ ಹೇಳ್ತೀನಿ, ಫ್ಲೈಓವರ್ ಮೇಲೆ ನಿಲ್ಲಿಸಿ ಟೈರ್ ಬದಲಾಯಿಸೋದು ಜೀವದ ಜೊತೆ ಆಟ, ಅಲ್ಲಿ ಬೇಕಾದ ಟೈರೂ ಬೇಗ ಸಿಗತ್ತೆ. ನಮ್ಮ ಕಡೆ ಓಡಾಟಕ್ಕೆ ಅದು ಅರ್ಧ ದಾರಿ ಸ್ನೇಹಿತ.

ದುಡ್ಡಿನ ವಿಷ್ಯಾನೂ ಇತ್ತು, ಸುಳ್ಳ್ ಯಾಕ್ ಹೇಳ್ಲಿ. ನಾಲ್ಕು ರನ್‌ಫ್ಲಾಟಿಗೆ ಹೇಳಿದ ರೇಟಲ್ಲಿ ನಾಲ್ಕು ನಾರ್ಮಲ್ ಟೈರು, ತೆಳು ಸ್ಟೆಪ್ನಿ, ಜಾಕಿ, ಹನ್ನೆರಡು ವೋಲ್ಟಿನ ಗಾಳಿ ಪಂಪು, ಪಂಚರ್ ಸ್ಟ್ರಿಪ್ ಕಿಟ್ಟು ಎಲ್ಲಾ ಬಂದು ಎರಡು ಸಲ ಪೆಟ್ರೋಲ್ ಹಾಕ್ಸೋವಷ್ಟು ಉಳೀತು. ಸ್ಟೆಪ್ನಿ ತಗೊಳ್ಳೋವಾಗ ಒಂದು ಎಚ್ಚರ, ಈ ಕಾರುಗಳಲ್ಲಿ ನಟ್ ಅಲ್ಲ ಬೋಲ್ಟು, ಅಲಾಯಿನ ಬೋಲ್ಟ್ ಕಬ್ಬಿಣದ ಸ್ಟೆಪ್ನಿಗೆ ಉದ್ದ ಆಗ್ಬೋದು, ಅಂಗಡೀಲೇ ಒಂದ್ಸಲ ಹಾಕಿಸಿ ಚಕ್ರ ತಿರುಗಿಸಿ ನೋಡಿ. ಆ ತೆಳು ಟೈರಿಗೆ ಗಾಳಿ ಬೇರೆ 60 ಪಿಎಸ್‌ಐ ಬೇಕು, ಅದನ್ನೂ ಆಗಾಗ ಚೆಕ್ ಮಾಡ್ಸಿ, ಇಲ್ಲಾಂದ್ರೆ ಬೇಕಾದ ದಿನ ಅದೂ ಫ್ಲಾಟು.

ಹೊಸ ಟೈರ್ ಮೇಲೆ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಹೋದಾಗ ದಾರೀಲಿ ಹಂಪು ಬಂದಿದ್ದೇ ಅಪ್ಪನಿಗೆ ಗೊತ್ತಾಗ್ಲಿಲ್ಲ. ಮೊದ್ಲು ಪ್ರತಿ ಗುಂಡಿಗೂ "ಇಷ್ಟ್ ದುಡ್ ಕೊಟ್ಟು ಎತ್ತಿನ ಗಾಡಿ ತಂದವ್ನೆ" ಅಂತಿದ್ರು. ಆ ಗಟ್ಟಿ ಸೈಡ್‌ವಾಲ್ ಗಾಳಿ ಇದ್ದಾಗ್ಲೂ ಗಟ್ಟೀನೇ ಅಲ್ವಾ, ಪಂಚರ್ ಆಗೋದು ವರ್ಷಕ್ಕೊಂದ್ಸಲ, ಕುಲುಕಾಟ ದಿನಾ. ತಿರುವಲ್ಲಿ ಮೊದಲಿನ ಬಿಗಿ ಸ್ವಲ್ಪ ಕಮ್ಮಿ ಆಗಿದೆ, ದೇವರಾಯನದುರ್ಗ ಹತ್ತೋವಾಗ ಗೊತ್ತಾಯ್ತು, ನಾನೇನು ರೇಸಿಗೆ ಹೋಗ್ತಿಲ್ಲ ಬಿಡಿ.

ಈ ಕಾರಲ್ಲಿ ಸ್ಟೆಪ್ನಿಗೆ ಅಂತ ಗುಂಡಿ ಇಲ್ಲ, ಡಿಕ್ಕಿ ಮಧ್ಯಾನೇ ಬೆಲ್ಟ್ ಹಾಕಿ ಕಟ್ಟಿ ಮಲಗಿಸಿದೀನಿ. ಹೋದ ಭಾನುವಾರ ಅತ್ತೆ ಎಂದಿನ ಹಾಗೆ ಕಡ್ಲೆಕಾಯಿ ಮೂಟೆ ತಂದು ಇಟ್ರು, ಡಿಕ್ಕೀಲಿ ಜಾಗ ಇಲ್ಲ, ಹಿಂದಿನ ಸೀಟಲ್ಲಿ ಮಕ್ಕಳಿಬ್ರ ಮಧ್ಯೆ ಕೂರಿಸಿ ಸೀಟ್ ಬೆಲ್ಟ್ ಹಾಕಿ ತಂದ್ವಿ. ಮಿಡಿಗೇಶಿ ಬರೋ ಹೊತ್ತಿಗೆ ಚಿಕ್ಕವನು ಮೂಟೆ ಬಾಯಿ ಬಿಚ್ಚಿ ತಿನ್ನೋಕೆ ಶುರು ಹಚ್ಕೊಂಡಿದ್ದ, ಸಿಪ್ಪೆ ಇನ್ನೂ ಸೀಟ್ ಸಂದೀಲಿ ಸಿಗ್ತಾ ಇದೆ.