ದಂಡದ ಜೊತೆ ಹಗ್ಗವೂ ಇರಲಿ

ಮೈಸೂರಿನ ನಮ್ಮ ಗರಡಿಗೆ ಬರುವ ಹೊಸ ಹುಡುಗರಿಗೆ ದಂಡ (ನೆಲಕ್ಕೆ ಕೈಯೂರಿ ಮೈ ಇಳಿಸಿ ಎತ್ತುವ ಸಾಮು) ಹೊಡೆಯುವುದೆಂದರೆ ಪ್ರಾಣ. ಎದೆ, ತೋಳು ಬೇಗ ತುಂಬಿಕೊಳ್ಳುತ್ತವೆ. ಆದರೆ ದಂಡ ತಳ್ಳುವ ಕೆಲಸ. ಬರೀ ಅದನ್ನೇ ಮಾಡಿದರೆ ಬೆನ್ನು ಹಿಂದೆ ಬೀಳುತ್ತದೆ. ಅದಕ್ಕೇ ಹಗ್ಗ ಹತ್ತಿ ಅಂತ ನಾನು ಒತ್ತಾಯ ಮಾಡುತ್ತೇನೆ. ಅದು ಎಳೆಯುವ ಕೆಲಸ ಅಲ್ವಾ, ಬೆನ್ನಿನ ಎರಡೂ ಪಕ್ಕ ಉರಿ ಹತ್ತುತ್ತದೆ.

ಗದೆಯನ್ನು ತಲೆಯ ಹಿಂದೆ ನಿಧಾನವಾಗಿ ಇಳಿಸಿ. ಮೊಣಕೈ ಮೇಲಕ್ಕಿರಲಿ, ಹೊಟ್ಟೆ ಬಿಗಿಯಾಗಿರಲಿ. ಬಲಗೈಗೆ ಎಷ್ಟು ಸುತ್ತೋ ಎಡಗೈಗೂ ಅಷ್ಟೇ. ಕಾಲಿಗೆ ಬಸ್ಕಿ ಇದ್ದೇ ಇದೆ. ಮಟ್ಟಿ, ಅಂದರೆ ಕುಸ್ತಿ ಆಡುವ ಕಣದ ಮಣ್ಣು, ಅಗೆಯುವುದನ್ನು ಸುಮ್ನೆ ಚಾಕರಿ ಅಂದುಕೊಳ್ಳಬೇಡಿ, ಸೊಂಟಕ್ಕೆ ಅದಕ್ಕಿಂತ ಒಳ್ಳೆಯ ಸಾಮು ನಾನು ಕಂಡಿಲ್ಲ. ಜಿಮ್‌ಗೆ ಹೋಗುವವರು ತಳ್ಳುವ ಬೆಂಚ್ ಪ್ರೆಸ್ ಮಾಡಿದಷ್ಟೇ ಎಳೆಯುವ ರೋಯಿಂಗ್ ಕೂಡ ಮಾಡಿ. ಎರಡೂ ಸಮ ಆಗದಿದ್ದರೆ ರೋಯಿಂಗೇ ಸ್ವಲ್ಪ ಜಾಸ್ತಿ ಇರಲಿ.