ಚಿಕ್ಕಮ್ಮನ ಫೈಲು ಮತ್ತು ಊರಿನ ಲೆಕ್ಕ

ಬೆಂಗಳೂರಲ್ಲೇ ಇರುವ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆದಾಗ, ಅವರ ವಿವರ ಆಸ್ಪತ್ರೆಯ ಫೈಲಿನಾಚೆಗೂ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇಲ್ಲಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ 1982ರಿಂದ ಇಡೀ ಊರಿನ ಕ್ಯಾನ್ಸರ್ ನೋಂದಣಿ, ಅಂದರೆ ಊರಿನವರಲ್ಲಿ ಯಾರಿಗೆ ಕ್ಯಾನ್ಸರ್ ಬಂದರೂ ಬರೆದಿಡುವ ಲೆಕ್ಕ, ನಡೆಯುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕಾರ್ಯಕ್ರಮದಲ್ಲಿ ಮುಂಬೈ, ಚೆನ್ನೈ ಜೊತೆಗೆ ಶುರುವಾದದ್ದು. ಈ ನೋಂದಣಿಯ ವರದಿಯಲ್ಲಿ ರೋಗಿಗಳ ಹೆಸರಿರುವುದಿಲ್ಲ, ಬರೀ ಸಂಖ್ಯೆ.

ಇದು ಸುಮ್ನೆ ಕೂತು ಮಾಡುವ ಕೆಲಸವಲ್ಲ. ಸಿಬ್ಬಂದಿಯೇ ಆಸ್ಪತ್ರೆ, ಲ್ಯಾಬು, ಮರಣ ನೋಂದಣಿ ಕಚೇರಿ ಅಂತ ಓಡಾಡಿ ಮಾಹಿತಿ ತರುತ್ತಾರೆ, ಒಬ್ಬರೇ ರೋಗಿ ಮೂರು ಆಸ್ಪತ್ರೆ ಸುತ್ತಿದ್ದರೆ ಅದು ಮೂರು ಕೇಸ್ ಆಗಬಾರದು ಅಂತ ಹೆಸರು, ವಯಸ್ಸು, ವಿಳಾಸ ಎಲ್ಲ ಹೊಂದಿಸಿ ನೋಡುತ್ತಾರೆ. ಎಷ್ಟು ತಾಳ್ಮೆ ಬೇಕು! ಚಿಕಿತ್ಸೆಗೆ ಅಂತ ಬೇರೆ ಊರಿಂದ ಬಂದವರನ್ನು ಬೆಂಗಳೂರಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರಿಸಿದರೆ ಇಲ್ಲೇ ರೋಗ ಜಾಸ್ತಿ ಅನ್ನಿಸಿಬಿಡುತ್ತದೆ, ಅಲ್ವಾ?

ಹೀಗೆ ದಶಕಗಟ್ಟಲೆ ಬರೆದಿಟ್ಟಿದ್ದರಿಂದಲೇ ಒಂದು ದೊಡ್ಡ ಬದಲಾವಣೆ ಕಂಡಿತು: ಇಲ್ಲಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇಳಿಯುತ್ತಾ, ಸ್ತನ ಕ್ಯಾನ್ಸರ್ ಏರುತ್ತಾ ಬಂದಿದೆ. ಒಂದು ವಾರ್ಡಿನಲ್ಲಿ ನಿಂತು ನೋಡಿದರೆ ಇದು ತಿಳಿಯುವುದಿಲ್ಲ. ಯಾವ ವಯಸ್ಸಿನವರಿಗೆ ತಪಾಸಣೆ ಬೇಕು, ಮುಂದೆ ಎಷ್ಟು ಹಾಸಿಗೆ, ಎಷ್ಟು ರೇಡಿಯೇಷನ್ ಯಂತ್ರ ಬೇಕಾಗಬಹುದು ಅನ್ನುವ ಅಂದಾಜಿಗೂ ಇದೇ ಲೆಕ್ಕ ಬೇಕು.