ಹಡಗಿಗೂ ಒಂದು ತಾರೀಕು ಬೇಕು

ನಮ್ಮ ಕಾರ್ಯಾಗಾರದ ಆರ್ಡರ್ ಪುಸ್ತಕದಲ್ಲಿ ಗಿರಾಕಿಯ ಹೆಸರು, ಫೋನ್ ನಂಬರು, ಮುಂಗಡದ ಮೊತ್ತ ಇವುಗಳ ಪಕ್ಕದಲ್ಲಿ ‘ಯಾವ ದಿನದ್ದು?’ ಎಂಬ ಒಂದು ಕಲಂ ಇದೆ. ಹೊಸಬರು ಇದನ್ನು ಕೆಲಸ ಮುಗಿಸಿ ಕೊಡಬೇಕಾದ ದಿನ ಎಂದುಕೊಳ್ಳುತ್ತಾರೆ. ಅದಲ್ಲ. ನಾವು ಮಾಡುವ ಮಾದರಿ ಯಾವ ದಿನವನ್ನು ತೋರಿಸಬೇಕು ಎಂಬುದು ಅಲ್ಲಿ ಬರೆಯುವ ವಿಷಯ. ಆ ಜಾಗ ಖಾಲಿ ಇದ್ದರೆ ನಾನು ಮುಂಗಡ ತೆಗೆದುಕೊಳ್ಳುವುದಿಲ್ಲ.

ನನ್ನ ಹೊಟ್ಟೆಪಾಡಿನ ಕೆಲಸ ಕಟ್ಟಡಗಳ ಮಾದರಿ. ಕಾಸರಗೋಡಿನಿಂದ ಮಂಜೇಶ್ವರದವರೆಗೆ ಹೆದ್ದಾರಿಯ ಬದಿಯಲ್ಲಿ ಏಳುತ್ತಿರುವ ಫ್ಲ್ಯಾಟುಗಳು, ಗಲ್ಫಿನಲ್ಲಿರುವವರು ಊರಲ್ಲಿ ಕಟ್ಟಿಸುವ ಮನೆಗಳು, ಒಂದೆರಡು ದೇವಸ್ಥಾನಗಳ ಜೀರ್ಣೋದ್ಧಾರದ ಮಾದರಿ. ಕಟ್ಟಡದವರಿಗೆ ಈ ಪ್ರಶ್ನೆ ಕೇಳಿದರೆ ನಗು ಬರುತ್ತದೆ. ಅವರಿಗೆ ಬೇಕಾದದ್ದು ಇಂದು ಬಣ್ಣ ಬಳಿದಂಥ ಗೋಡೆ, ಹದಿನೈದು ವರ್ಷ ಬೆಳೆದ ಮರ, ಎರಡೂ ಒಂದೇ ಅಂಗಳದಲ್ಲಿ. ಆ ಸುಳ್ಳು ಎಲ್ಲರಿಗೂ ಗೊತ್ತಿರುವುದರಿಂದ ನಡೆಯುತ್ತದೆ. ಹಡಗಿನ ವಿಷಯದಲ್ಲಿ ಅದು ನಡೆಯುವುದಿಲ್ಲ ಎಂಬುದನ್ನು ನನಗೆ ಮನದಟ್ಟು ಮಾಡಿಸಿದ್ದು ಅಮೆರಿಕದ ‘ಎಂಟರ್‌ಪ್ರೈಸ್’ ಎಂಬ, ಎರಡನೇ ಮಹಾಯುದ್ಧದ ಕಾಲದ ವಿಮಾನವಾಹಕ ಹಡಗಿನ ಆರ್ಡರು.

ಉದುಮ, ಪಾಲಕುನ್ನು ಕಡೆಗೆ ಹೋದರೆ ಹಡಗಿನಲ್ಲಿ ದುಡಿದವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಅಲ್ಲಿನ ನಿವೃತ್ತ ಮರೈನ್ ಎಂಜಿನಿಯರ್ ಒಬ್ಬರು ಪೆಟ್ಟಿಗೆಯನ್ನು ತಾವೇ ಹೊತ್ತು ತಂದರು. 1/350 ಅಳತೆಯ ಪ್ಲಾಸ್ಟಿಕ್ ಕಿಟ್. ಜೊತೆಗೆ ತೆಳು ಹಿತ್ತಾಳೆ ಹಾಳೆಗಳಲ್ಲಿ ಕೊರೆದ ರೇಲಿಂಗು, ಏಣಿ, ಆಂಟೆನಾಗಳ ಪ್ರತ್ಯೇಕ ಕಟ್ಟು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಅಷ್ಟು ಸಣ್ಣ ಕೆಲಸ ತಮ್ಮಿಂದಾಗದು ಎಂದು ನನ್ನಲ್ಲಿಗೆ ಬಂದಿದ್ದರು.

“ಯುದ್ಧಕಾಲದ ಎಂಟರ್‌ಪ್ರೈಸ್ ಮಾಡಿಕೊಡಿ,” ಎಂದರು.

“ಯಾವ ವರ್ಷದ್ದು, ಸರ್?”

“ಯುದ್ಧಕಾಲದ್ದು ಎಂದೆನಲ್ಲ.”

ಕಥೆಯ ಗಂಟು ಇಲ್ಲೇ ಇದೆ. ಎಂಟರ್‌ಪ್ರೈಸ್ ಸೇವೆಗೆ ಸೇರಿದ್ದು 1938ರ ಮೇ ತಿಂಗಳಲ್ಲಿ. ಆಗ ವಿಮಾನಗಳು ಏರಿಳಿಯುವ ಅದರ ಮರದ ಡೆಕ್ಕಿಗೆ ಕೆಂಪುಗಂದು ಬಣ್ಣ, ಅದರ ಮೇಲೆ ಹಳದಿ ಗೆರೆಗಳು. ಯುದ್ಧ ಹತ್ತಿರವಾದಾಗ ಆಕಾಶದಿಂದ ಕಾಣಬಾರದೆಂದು ಡೆಕ್ಕಿಗೆ ನೀಲಿ ಬಣ್ಣ ಕುಡಿಸಿದರು. 1942ರ ಜೂನ್‌ನಲ್ಲಿ ಮಿಡ್‌ವೇ ದ್ವೀಪದ ಬಳಿ ಜಪಾನಿನೊಂದಿಗೆ ಕಾಳಗ ನಡೆದಾಗ ಅದರ ಮೇಲಿದ್ದ ವಿಮಾನ ನಿರೋಧಕ ತೋಪುಗಳಲ್ಲಿ 1.1 ಇಂಚಿನ ನಾಲ್ಕು ನಳಿಗೆಯವೂ ಸೇರಿದ್ದವು. ಅದೇ ವರ್ಷದ ಶರತ್ಕಾಲದ ದುರಸ್ತಿಯಲ್ಲಿ 40 ಮಿಲಿಮೀಟರಿನ ಬೋಫೋರ್ಸ್ ತೋಪುಗಳು ಬಂದವು. 1943ರಲ್ಲಿ ಬ್ರೆಮರ್ಟನ್ ಹಡಗುಕಟ್ಟೆಗೆ ಹೋಗಿ ತಿಂಗಳುಗಟ್ಟಲೆ ನಿಂತು ಬಂದಾಗ ಟಾರ್ಪೆಡೊ ಹೊಡೆತ ತಡೆಯಲು ಒಡಲಿನ ಎರಡೂ ಮಗ್ಗುಲಿಗೆ ಉಬ್ಬು ಕಟ್ಟಿದ್ದರು. ಹಡಗಿನ ಅಗಲವೇ ಬದಲಾಯಿತು. ಇವೆಲ್ಲವೂ ಯುದ್ಧಕಾಲದ ಎಂಟರ್‌ಪ್ರೈಸೇ. ಆದರೆ ಒಂದರ ತೋಪನ್ನು ಇನ್ನೊಂದರ ಒಡಲ ಮೇಲೆ ಕೂರಿಸಿದರೆ ಅಂಥ ಹಡಗು ಯಾವ ದಿನವೂ ಕಡಲಿಗೆ ಇಳಿದಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಮಿಡ್‌ವೇ. 1942ರ ಜೂನ್ 4,” ಎಂದರು. ಪುಸ್ತಕದಲ್ಲಿ ಬರೆದುಕೊಂಡೆ. ತಾರೀಕು ಬಿದ್ದಿತು, ಇನ್ನು ತಕರಾರಿಲ್ಲ ಎಂದುಕೊಳ್ಳುವ ಹಾಗಿರಲಿಲ್ಲ. ನಿಜವಾದ ಚರ್ಚೆ ಶುರುವಾದದ್ದೇ ಆಮೇಲೆ.

ಮೊದಲನೆಯದು ಕೆಂಪು ಚುಕ್ಕೆ. ಅಮೆರಿಕದ ವಿಮಾನಗಳ ಬಿಳಿ ನಕ್ಷತ್ರದ ನಡುವೆ ಒಂದು ಕೆಂಪು ವೃತ್ತ ಇರುತ್ತಿತ್ತು. ಜಪಾನಿನ ವಿಮಾನಗಳ ಗುರುತೂ ಕೆಂಪು ಸೂರ್ಯನೇ ಆದ್ದರಿಂದ ತಮ್ಮವರೇ ತಮ್ಮವರಿಗೆ ಗುಂಡು ಹೊಡೆಯುವ ಪ್ರಸಂಗ ಬಂತು. 1942ರ ಮೇ ತಿಂಗಳಲ್ಲಿ ಆ ವೃತ್ತವನ್ನೂ ಬಾಲದ ಚುಕ್ಕಾಣಿಯ ಮೇಲಿನ ಕೆಂಪು ಬಿಳಿ ಪಟ್ಟೆಗಳನ್ನೂ ತೆಗೆಸಿದರು. ಹೀಗಾಗಿ ಏಪ್ರಿಲ್ 18ರಂದು ಟೋಕಿಯೋ ಮೇಲೆ ದಾಳಿಗೆ ‘ಹಾರ್ನೆಟ್’ ಹಡಗಿನಿಂದ ಎದ್ದ 16 ಬಿ-25 ವಿಮಾನಗಳಿಗೆ ಕೆಂಪು ಚುಕ್ಕೆ ಇರಬೇಕು, ಸುಮಾರು ಏಳು ವಾರ ಕಳೆದ ಮೇಲೆ ಮಿಡ್‌ವೇಯಲ್ಲಿ ಹಾರಿದ ವಿಮಾನಗಳಿಗೆ ಇರಬಾರದು. ನಮ್ಮ ಗಿರಾಕಿಗೆ ಚುಕ್ಕೆ ಬೇಕಿತ್ತು. “ನೀಲಿಯ ಮೇಲೆ ಕೆಂಪು ಎದ್ದು ಕಾಣುತ್ತದೆ,” ಎಂದರು. ಎದ್ದು ಕಾಣುತ್ತದೆ ಎಂಬ ಕಾರಣಕ್ಕೇ ತೆಗೆದದ್ದು, ಸರ್, ಎಂದೆ. ಮೊದಲ ಸಲ ನಕ್ಕರು.

ಎರಡನೆಯದು ಡೆಕ್ಕಿನ ಬಣ್ಣ. ಮರ ಎಂದರೆ ಕಂದು ಎಂಬುದು ಎಲ್ಲರ ತಲೆಯಲ್ಲಿ ಕೂತಿರುತ್ತದೆ. ಅದರ ಮೇಲೆ ಇನ್ನೊಂದು ಸೂಕ್ಷ್ಮ ಇದೆ: ಅಮೆರಿಕದ ವಿಮಾನವಾಹಕಗಳಲ್ಲಿ ಡೆಕ್ಕಿನ ಹಲಗೆಗಳು ಅಡ್ಡಡ್ಡ ಕೂತಿವೆ, ‘ಅಕಾಗಿ’ಯಂಥ ಜಪಾನಿನ ಹಡಗುಗಳಲ್ಲಿ ಉದ್ದುದ್ದ. ಬಣ್ಣ ಸವೆದಂತೆ ತೋರಿಸಲು ಉಜ್ಜುವಾಗ ಕೈ ಹಲಗೆಯ ದಿಕ್ಕಿನಲ್ಲೇ ಹೋಗಬೇಕು. ನಮ್ಮ ಹುಡುಗನಿಗೆ ಅಡ್ಡ ಉಜ್ಜುವುದು ಒಗ್ಗಲಿಲ್ಲ. 72 ಸೆಂಟಿಮೀಟರ್ ಉದ್ದದ ವಸ್ತು ಮುಂದಿದ್ದರೆ ಕೈ ತಾನಾಗಿ ಉದ್ದಕ್ಕೇ ಓಡುತ್ತದೆ. ಕೊನೆಗೆ ಹಡಗನ್ನೇ ತಿರುಗಿಸಿ ಅವನ ಎದುರಿಗೆ ಅಡ್ಡ ಇಟ್ಟೆವು.

ನೀಲಿಯನ್ನು ಬಾಟಲಿಯಿಂದ ನೇರವಾಗಿ ತೆಗೆದು ಹೊಡೆಯಲಿಲ್ಲ. ಅಂದಿನ ಅಮೆರಿಕದ ನೌಕಾಪಡೆ ಬಿಳಿ ಬಣ್ಣದ ಡಬ್ಬಿಗಳಿಗೆ ನೇರಳೆ ಛಾಯೆಯ ನೀಲಿ ಲೇಹವನ್ನು ಬೇರೆ ಬೇರೆ ಪ್ರಮಾಣದಲ್ಲಿ ಕಲಸಿ ಒಡಲಿನ ಬಣ್ಣಗಳನ್ನು ತಯಾರಿಸುತ್ತಿತ್ತು. ಹೆಚ್ಚು ಹಾಕಿದರೆ ಕಡಲ ನೀಲಿ, ಕಡಿಮೆ ಹಾಕಿದರೆ ಮಂಜಿನ ಬೂದು. ನಾನೂ ಹಾಗೇ ಒಂದು ನೀಲಿ, ಒಂದು ಬಿಳಿ ಇಟ್ಟುಕೊಂಡು ಎಲ್ಲ ಛಾಯೆಗಳನ್ನೂ ಅದರಿಂದಲೇ ತೆಗೆದೆ. ಬೇರೆ ಬೇರೆ ಬಾಟಲಿಗಳಿಂದ ಹೊಡೆದ ಬಣ್ಣಗಳು ಒಂದಕ್ಕೊಂದು ಸಂಬಂಧವಿಲ್ಲದವರಂತೆ ಕೂರುತ್ತವೆ. ಒಂದೇ ಲೇಹದಿಂದ ಬಂದವು ಹಾಗೆ ಕೂರುವುದಿಲ್ಲ. ಕಟ್ಟಡದ ಮಾದರಿಗಳಿಗೂ ಈಗ ಇದನ್ನೇ ಮಾಡುತ್ತೇನೆ.

ಮೂರನೆಯದು ದಿನದೊಳಗಿನ ಗಳಿಗೆ. ಗಿರಾಕಿಗೆ ಡೆಕ್ಕಿನ ಮೇಲೆ ಮೂರೂ ಬಗೆಯ ವಿಮಾನಗಳು ತುಂಬಿರಬೇಕಿತ್ತು: ಬಾಂಬ್ ಹಾಕುವ ಡಾಂಟ್‌ಲೆಸ್, ಟಾರ್ಪೆಡೊ ಹೊರುವ ಡೆವಾಸ್ಟೇಟರ್, ಕಾವಲಿನ ವೈಲ್ಡ್‌ಕ್ಯಾಟ್. ಆದರೆ ಅಂದು ಬೆಳಿಗ್ಗೆ 7 ಗಂಟೆಯ ನಂತರ ದಾಳಿಗೆಂದು ಮೊದಲು ಎದ್ದದ್ದು ಡಾಂಟ್‌ಲೆಸ್‌ಗಳು. ಉಳಿದವು ಮೇಲೇರುವುದು ತಡವಾಗಿ, ಅವುಗಳಿಗೆ ಕಾಯದೆ ಮುಂದೆ ಹೋಗುವಂತೆ ಆ ತಂಡದ ಮುಂದಾಳು ಮಕ್‌ಕ್ಲಸ್ಕಿಗೆ ಆಜ್ಞೆ ಬಂತು. ಆ ತಂಡವೇ ಮುಂದೆ ಜಪಾನಿನ ವಿಮಾನವಾಹಕಗಳಾದ ‘ಕಾಗಾ’ ಮತ್ತು ‘ಅಕಾಗಿ’ಗಳ ಮೇಲೆ ಎರಗಿದ್ದು. ತಡವಾಗಿ ಹೊರಟ ಎಂಟರ್‌ಪ್ರೈಸಿನ 14 ಡೆವಾಸ್ಟೇಟರ್‌ಗಳಲ್ಲಿ ಮರಳಿದ್ದು ನಾಲ್ಕು. ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂಬುದು ಆ ಬೆಳಿಗ್ಗೆಯ ಮಟ್ಟಿಗೆ ಅಲಂಕಾರದ ಮಾತಲ್ಲ. ಹಾಗಾಗಿ ಏಳು ಗಂಟೆಗೆ ಸ್ವಲ್ಪ ಮೊದಲು ಎಂದು ಗೊತ್ತುಮಾಡಿದೆವು. ಡೆಕ್ಕಿನ ಹಿಂಭಾಗದಲ್ಲಿ ಡಾಂಟ್‌ಲೆಸ್‌ಗಳ ಸಾಲು. ಅವುಗಳ ರೆಕ್ಕೆ ಮಡಚುವುದಿಲ್ಲ, ಆದ್ದರಿಂದ ಜಾಗ ತಿನ್ನುತ್ತವೆ. ಡೆವಾಸ್ಟೇಟರ್‌ಗಳು ಕೆಳಗೆ ಹ್ಯಾಂಗರಿನಲ್ಲಿ, ಅಂದರೆ ವಿಮಾನ ನಿಲ್ಲಿಸಿಡುವ ಅಂತಸ್ತಿನಲ್ಲಿ, ರೆಕ್ಕೆ ಮಡಚಿಕೊಂಡು.

“ಕೆಳಗಿದ್ದರೆ ಯಾರಿಗೆ ಕಾಣುತ್ತದೆ?” ಎಂದು ನಮ್ಮ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಅಮೆರಿಕದ ಹಡಗುಗಳ ಹ್ಯಾಂಗರಿನ ಪಕ್ಕದಲ್ಲಿ ಅಂಗಡಿಯ ಷಟರಿನಂಥ ಸುರುಳಿ ಬಾಗಿಲುಗಳಿದ್ದವು. ಸೆಕೆಗೆ, ಎಂಜಿನ್ನಿನ ಹೊಗೆ ಹೊರಹೋಗಲು ಅವನ್ನು ಎತ್ತಿಡುತ್ತಿದ್ದರು. ನಾವು ಒಂದು ಪಕ್ಕದ ಎರಡು ಷಟರುಗಳನ್ನು ಎತ್ತಿದೆವು, ಅಲ್ಲಿಂದ ಕಾಣುವಷ್ಟು ಹ್ಯಾಂಗರನ್ನು ಮಾತ್ರ ಕಟ್ಟಿದೆವು. ಮಾಡಿನಿಂದ ಬಿಗಿದು ತೂಗಿಸಿದ ಬದಲಿ ವಿಮಾನವೂ ಒಂದಿದೆ. ಜಾಗ ಉಳಿಸಲು ಅವರು ಹಾಗೆ ಮಾಡುತ್ತಿದ್ದರು. ಬೆರಳ ಗಾತ್ರದ ಟಾರ್ಚ್ ಹಿಡಿದು ಬಗ್ಗಿ ನೋಡಿದವರಿಗೆ ಕಾಣುತ್ತದೆ. ಕಾಣದ ಉಳಿದ ಭಾಗವನ್ನು ಕಟ್ಟಿ ಮುಚ್ಚುವವರೂ ಈ ಕಸುಬಿನಲ್ಲಿ ಇದ್ದಾರೆ. ಅದು ಅವರ ಭಕ್ತಿ. ನಾನು ಗಂಟೆಯ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುವವಳು.

ಇಷ್ಟು ಗೊತ್ತಾದ ಮೇಲೆ ಕೆಲಸದ ಅನುಕ್ರಮ ತಾನಾಗಿ ಬಂತು. ಡೆಕ್ಕು ಕೂತ ಮೇಲೆ ಕೈ ಹೋಗದ ಜಾಗಗಳೆಲ್ಲ ಮೊದಲು. ಪೆಟ್ಟಿಗೆಯೊಳಗಿನ ಸೂಚನಾಪತ್ರ ಹೇಳುವ ಅನುಕ್ರಮ ಅಂಟಿಸುವವನದು, ಬಣ್ಣ ಹಚ್ಚುವವನದಲ್ಲ. ಆ ಪತ್ರದ ಮೇಲೆ ನಾನು ಕೆಂಪು ಪೆನ್ಸಿಲಿನಿಂದ ನನ್ನದೇ ಸಂಖ್ಯೆಗಳನ್ನು ಬರೆದುಕೊಳ್ಳುತ್ತೇನೆ.

ಹಿತ್ತಾಳೆಯ ಕೆಲಸ ಯಾಕೆ ಬೇಕು ಎಂದು ಕೇಳುವವರಿಗೆ ಒಂದು ಗುಣಾಕಾರ ಸಾಕು. ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ತಗಡು 350 ಪಟ್ಟಾದರೆ ಹದಿನೇಳೂವರೆ ಸೆಂಟಿಮೀಟರ್. ತೋಪಿನ ಸುತ್ತ ಸಿಡಿದ ಗುಂಡಿನ ಚೂರು ತಡೆಯಲು ನಿಲ್ಲಿಸಿದ ತೆಳು ತಗಡು ಕೋಟೆಗೋಡೆಯಂತಾಗುತ್ತದೆ. ರೇಲಿಂಗಿನ ಎತ್ತರ ಮೂರು ಮಿಲಿಮೀಟರ್, ನಿಂತ ಮನುಷ್ಯ ಐದು. ಡಾಂಟ್‌ಲೆಸ್ಸಿನ ರೆಕ್ಕೆ ತುದಿಯಿಂದ ತುದಿಗೆ 36 ಮಿಲಿಮೀಟರ್, ಅದರ ಹಿಂಬದಿಯಲ್ಲಿ ಧುಮುಕುವ ವೇಗ ತಡೆಯುವ ತೂತುತೂತಿನ ಪಟ್ಟಿ. ಆ ತೂತುಗಳು ಹಿತ್ತಾಳೆಯಲ್ಲಿ ಮಾತ್ರ ನಿಜವಾದ ತೂತುಗಳಾಗಿ ಬರುತ್ತವೆ.

ಹಾಳೆಯನ್ನು ಗಾಜಿನ ತುಂಡಿನ ಮೇಲಿಟ್ಟು ಹೊಸ ಬ್ಲೇಡಿನಿಂದ ಒತ್ತಿ ಕತ್ತರಿಸಬೇಕು. ಮೆತ್ತನೆಯ ಚಾಪೆಯ ಮೇಲಿಟ್ಟರೆ ತುದಿ ಬಗ್ಗುತ್ತದೆ. ಗುಂಡಗೆ ಬಾಗಿಸಬೇಕಾದ ತುಂಡನ್ನು ಮೇಣದಬತ್ತಿಯ ಜ್ವಾಲೆಯಲ್ಲಿ ಒಂದು ಕ್ಷಣ ಕಾಯಿಸಿ ಆರಲು ಬಿಟ್ಟರೆ ಹಟ ಬಿಡುತ್ತದೆ. ಬಣ್ಣ ಹಿಡಿಯಬೇಕಾದರೆ ಮೇಲಿನ ಕಿಲುಬು ಹೋಗಬೇಕು, ಅದಕ್ಕೆ ವಿನೆಗರಿನಲ್ಲಿ ಅದ್ದಿ ತೊಳೆಯುತ್ತೇವೆ. ಅಮ್ಮ ದೀಪದ ಕಂಬಕ್ಕೆ ಹುಣಸೆಹುಳಿ ಹಚ್ಚುವುದೂ ಇದೇ ರಸಾಯನಶಾಸ್ತ್ರ. ನಮ್ಮ ಕಡಲ ಗಾಳಿಗೆ ತೊಳೆದ ಹಿತ್ತಾಳೆ ಬೇಗ ಕಪ್ಪಿಟ್ಟು ಕಿಲುಬು ಹಿಡಿಯುತ್ತದೆ, ಆದ್ದರಿಂದ ತೊಳೆದ ದಿನವೇ ಪ್ರೈಮರ್ ಬೀಳಬೇಕು.

ಮಳೆಗಾಲದ ವಿಷಯ ಬೇರೆಯೇ. ಆಟಿ ತಿಂಗಳಲ್ಲಿ ಇಲ್ಲಿನ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಲ್ಯಾಕರ್ ಬಣ್ಣವನ್ನು ಆಗ ಏರ್‌ಬ್ರಷ್‌ನಿಂದ ಹೊಡೆದರೆ ಮೇಲೆ ಬಿಳಿ ಮಬ್ಬು ಏಳುತ್ತದೆ. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಬ್ಬನಿಯಾಗಿ ಕೂರುವುದರಿಂದ ಹೀಗಾಗುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬಳಸಬೇಕು, ಕಂಪ್ರೆಸರಿನ ನೀರು ಹಿಡಿಯುವ ಬಟ್ಟಲನ್ನು ಆಗಾಗ ಖಾಲಿ ಮಾಡಬೇಕು. ಇಷ್ಟಾದರೂ ಧಾರಾಕಾರ ಸುರಿಯುವ ದಿನ ಬಣ್ಣಕ್ಕೆ ಕೈ ಹಾಕದಿರುವುದು ಕ್ಷೇಮ. ಸೂಪರ್ ಗ್ಲೂ ಮಾತ್ರ ಮಳೆಗಾಲದಲ್ಲಿ ಖುಷಿಯಾಗಿರುತ್ತದೆ, ಅದು ಗಟ್ಟಿಯಾಗಲು ತೇವವೇ ಬೇಕು. ರೇಲಿಂಗ್ ಅಂಟಿಸುವ ಕೆಲಸವನ್ನೆಲ್ಲ ಜುಲೈಗೆ, ಬಣ್ಣದ್ದನ್ನು ಮಳೆ ನಿಂತ ಮೇಲಕ್ಕೆ ಹಂಚಿಕೊಂಡೆವು. ಗಿರಾಕಿ ಓಣಂ ಹೊತ್ತಿಗೆ ಸಿಗಬಹುದೇ ಎಂದು ಕೇಳಿದ್ದರು. ಸಿಗದು ಎಂದು ಮೊದಲೇ ಹೇಳಿದ್ದೆ.

ನಡುವೆ ಊರವರ ಒಂದು ಪ್ರಶ್ನೆ: ನಮ್ಮದೇ ‘ವಿಕ್ರಾಂತ್’ ಬಿಟ್ಟು ಅಮೆರಿಕದ ಹಡಗು ಯಾಕೆ? ಹಣ ಕೊಡುವವರು ಕೇಳಿದ್ದು ಅದು, ಅಷ್ಟೇ. ಆದರೆ ಹಳೆಯ ವಿಕ್ರಾಂತ್ ಕೂಡ ಅದೇ ಯುದ್ಧದ ಕೂಸು ಎಂಬುದು ಹೆಚ್ಚಿನವರಿಗೆ ನೆನಪಿಲ್ಲ. ಬ್ರಿಟನ್ನಿನಲ್ಲಿ 1943ರಲ್ಲಿ ‘ಹರ್ಕ್ಯುಲಿಸ್’ ಎಂಬ ಹೆಸರಿನಲ್ಲಿ ಕಟ್ಟಲು ತೊಡಗಿದ ಒಡಲು 1945ರ ಸೆಪ್ಟೆಂಬರಿನಲ್ಲಿ ನೀರಿಗಿಳಿಯುವಷ್ಟರಲ್ಲಿ ಯುದ್ಧ ಮುಗಿದಿತ್ತು. ಅರ್ಧಕ್ಕೆ ನಿಂತಿದ್ದ ಅದನ್ನು 1957ರಲ್ಲಿ ಭಾರತ ಕೊಂಡಿತು, 1961ರಲ್ಲಿ ನೌಕಾಪಡೆಗೆ ಸೇರಿತು. ಅದರ ಆರ್ಡರು ಬಂದರೂ ನನ್ನ ಪ್ರಶ್ನೆ ಬದಲಾಗುವುದಿಲ್ಲ. 1971ರ ಡಿಸೆಂಬರಿನಲ್ಲಿ ಸೀ ಹಾಕ್, ಅಲಿಝೆ ವಿಮಾನಗಳಿದ್ದ ಡೆಕ್ಕು ಬೇರೆ, ಮುಂದೆ ಸೀ ಹ್ಯಾರಿಯರ್‌ಗಳಿಗಾಗಿ ಮೂತಿಯಲ್ಲಿ ಇಳಿಜಾರು ಕಟ್ಟಿದ ಡೆಕ್ಕು ಬೇರೆ.

ಈ ಕೆಲಸದ ನಂತರ ಕಟ್ಟಡದ ಗಿರಾಕಿಗಳನ್ನೂ ನಾನು ಬಿಟ್ಟಿಲ್ಲ. ಮೊನ್ನೆ ಉಪ್ಪಳದ ಹತ್ತಿರದ ಒಂದು ಫ್ಲ್ಯಾಟಿನ ಮಾದರಿಗೆ ‘ಕೀಲಿಕೈ ಕೊಡುವ ದಿನ’ ಎಂದು ಬರೆಸಿಕೊಂಡೆ. ಅಂದಮೇಲೆ ಸಸಿಗಳು ಮೊಣಕಾಲೆತ್ತರ, ಎದುರಿನ ಸರ್ವಿಸ್ ರಸ್ತೆ ಹೇಗಿರುತ್ತದೋ ಹಾಗೆ. ಬಿಲ್ಡರಿಗೆ ಅಷ್ಟು ಹಿಡಿಸಲಿಲ್ಲ. ಮನೆ ಕೊಳ್ಳಲು ಬಂದವರೊಬ್ಬರು ಮಾತ್ರ ಸಸಿಗಳನ್ನು ತೋರಿಸಿ, ಬಾಲ್ಕನಿಗೆ ಪಡುವಣ ಬಿಸಿಲು ಎಷ್ಟು ವರ್ಷ ನೇರವಾಗಿ ಬೀಳುತ್ತದೆ ಎಂದು ಕೇಳಿದರಂತೆ. ಬಿಲ್ಡರ್ ಇದನ್ನು ನನ್ನ ಮೇಲಿನ ದೂರಾಗಿ ಹೇಳಿದರು.

ಎಂಟರ್‌ಪ್ರೈಸನ್ನು ಉದುಮಕ್ಕೆ ಸಾಗಿಸುವ ಮೊದಲು ಒಡಲಿನ ಒಳಗಿಂದಲೇ ಎರಡು ಬೋಲ್ಟ್ ಹಾಕಿ ಹಲಗೆಗೆ ಬಿಗಿದಿದ್ದೆವು. ಆ ಬೋಲ್ಟಿನ ತೂತುಗಳನ್ನೂ ಮೊದಲ ವಾರವೇ, ಒಡಲಿನ ಎರಡು ಹೋಳು ಕೂಡಿಸುವ ಮುನ್ನ ಕೊರೆಯಬೇಕಾಗುತ್ತದೆ. ಹೆದ್ದಾರಿ ಕಾಮಗಾರಿಯ ಹೊಂಡಗಳಲ್ಲಿ ಹಲಗೆ ಕುಣಿದರೂ ಒಂದು ಪ್ರೊಪೆಲ್ಲರ್ ಬಿಟ್ಟರೆ ಏನೂ ಕಳಚಲಿಲ್ಲ, ಅದನ್ನು ಅವರ ಊಟದ ಮೇಜಿನ ಮೇಲೇ ಅಂಟಿಸಿ ಕೊಟ್ಟೆ. ಮೇಲಿನ ಮುಚ್ಚಳ ಅಕ್ರಿಲಿಕ್ಕಿನದು. ಅಡಿಯ ಅರೆಯಲ್ಲಿ ಸಿಲಿಕಾ ಜೆಲ್ಲಿನ ಚೀಲ ಇಟ್ಟಿದ್ದೇನೆ. ಅದರ ಹರಳುಗಳು ಬಣ್ಣ ಬದಲಿಸಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು, ಹೊಸತು ಕೊಳ್ಳಬೇಕಾಗಿಲ್ಲ ಎಂದು ಹೇಳಿ ಬಿಲ್ಲು ಕೊಟ್ಟೆ.